ಕೆರೆಗೆ ನೀರು ಬರುವ ಮುನ್ನ ಬಸವನಹುಳುವನ್ನು ಗುರುತಿಸೋಣ

ಬಸವನಹುಳುಗಳ ವರ್ಗೀಕರಣವೆಂದರೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗೆ ಸೇರಿದ ವಿದ್ಯೆ ಎಂಬ ಭಾವನೆ ನಮ್ಮಲ್ಲಿದೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಿಗಂತೂ ಅದರ ಗೊಡವೆಯೇ ಬೇಡವೆನಿಸಬಹುದು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇವೂ ಸೇರಿವೆ. ತೇವ ಬೇಡುವ ಜೀವಿಗೆ ಅಲ್ಲೇನು ಕೆಲಸ? ಆದರೆ ಅಮೃತಮಹಲ್ ಕಾವಲುಗಳ, ಕುರಿ ಮತ್ತು ಕಂಬಳಿಯ ಈ ನಾಡಿಗೇ ಆ ವಿದ್ಯೆ ಹೆಚ್ಚು ಅಗತ್ಯವೆಂಬುದು ನನ್ನ ವಾದ.

ಮೊದಲು ಹೆಸರಿನ ಗೊಂದಲ. ಬಸವನಹುಳು ಹುಳುವಲ್ಲ, ಕಪ್ಪೆಚಿಪ್ಪಿಗೂ ಕಪ್ಪೆಗೂ ನಂಟಿಲ್ಲ. ಎರಡೂ ಮೃದ್ವಂಗಿಗಳು. ಇದಕ್ಕಾಗಿ ನಮ್ಮ ಹಳ್ಳಿಗರನ್ನೇಕೆ ದೂರಬೇಕು? 1758ರಲ್ಲಿ ಲಿನೇಯಸ್ ಕೂಡ ಇವನ್ನೆಲ್ಲ 'ಹುಳು'ಗಳ ಗುಂಪಿಗೇ ಸೇರಿಸಿದ್ದ. ಚಿಪ್ಪುಳ್ಳ ಬಸವನಹುಳುವನ್ನು ಒಂದು ವಿಭಾಗದಲ್ಲೂ ಚಿಪ್ಪಿಲ್ಲದ ಸಿಂಬಳದ ಹುಳುವನ್ನು ಇನ್ನೊಂದರಲ್ಲೂ ಇಟ್ಟಿದ್ದ. ಒಳಾಂಗಗಳನ್ನು ಪರಿಶೀಲಿಸಿ, 1795ರಲ್ಲಿ ಇವೆರಡನ್ನೂ 'ಉದರಪಾದಿ'ಗಳೆಂದು ಒಂದುಗೂಡಿಸಿದವನು ಫ್ರಾನ್ಸಿನ ಕುವಿಯೆ. ಬೇರೆ ಬೇರೆ ವಂಶಗಳು ಹಲವು ಬಾರಿ ಪ್ರತ್ಯೇಕವಾಗಿ ಚಿಪ್ಪು ಕಳೆದುಕೊಂಡಿವೆ ಎಂಬುದು ಈಗ ತಿಳಿದಿದೆ. ಹೊರರೂಪವೊಂದನ್ನೇ ನೆಚ್ಚಿ ನಂಟು ನಿರ್ಧರಿಸಲಾಗದು.

ಈ ಸೂಕ್ಷ್ಮ ಕೊಟ್ಟಿಗೆಗೂ ಮುಖ್ಯ. ದನಕುರಿಗಳ ಯಕೃತ್ತನ್ನು ಹಾಳುಮಾಡುವ 'ಫ್ಯಾಸಿಯೋಲಾ ಜೈಗ್ಯಾಂಟಿಕಾ' ಎಂಬ ಚಪ್ಪಟೆ ಜಂತು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ನೇರವಾಗಿ ಹರಡದು. ಸಗಣಿಯೊಡನೆ ನೀರಿಗೆ ಬಿದ್ದ ಮೊಟ್ಟೆಯಿಂದ ಹೊರಟ ಮರಿ, ಲಿಮ್ನಿಯಿಡೇ ಕುಟುಂಬದ ಬಸವನಹುಳುವಿನ ಒಡಲು ಹೊಕ್ಕು ವೃದ್ಧಿಸಬೇಕು. ಬಳಿಕ ಕೆರೆಯಂಚಿನ ಹುಲ್ಲಿಗಂಟಿ ಕುರಿಯ ಹೊಟ್ಟೆ ಸೇರಬೇಕು. ದನಗಳಿಗೆ ಗೊರಕೆ ರೋಗ ತರುವ 'ಶಿಸ್ಟೊಸೋಮಾ ನೇಸಾಲೆ'ಗಾದರೋ ಬಿಲ್ಲೆಯಂತೆ ಚಪ್ಪಟೆಯಾಗಿ ಸುತ್ತಿಕೊಂಡ 'ಇಂಡೋಪ್ಲಾನಾರ್ಬಿಸ್' ಆಶ್ರಯ. ಈ ಎರಡೂ ಬಸವನಹುಳುಗಳ ಚಿಪ್ಪಿನ ಬಾಯಿಗೆ ಮುಚ್ಚಳವಿಲ್ಲ. ಅದೇ ನೀರಿನಲ್ಲಿರಬಹುದಾದ, ಮುಚ್ಚಳವುಳ್ಳ ದೊಡ್ಡ 'ಪೈಲಾ' ಈ ಜಂತುಗಳನ್ನು ಸಾಕುವುದಿಲ್ಲ. ಯಾವುದು ಯಾವುದೆಂದು ತಿಳಿಯದೆ ಕೆರೆಗೆ ವಿಷ ಸುರಿದರೆ ನಿರಪರಾಧಿಗಳೂ ಮೀನುಗಳೂ ಸಾಯುತ್ತವೆ.

ಬರದ ಸೀಮೆಯೆಂದು ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. ಬೇಸಿಗೆಯಲ್ಲಿ ನೀರು ಇಂಗಿದಂತೆಲ್ಲ ಹಸಿರು ಉಳಿಯುವುದು ಕೆರೆಯಂಚಿನಲ್ಲೇ. ಹಿಂಡುಗಳು ಒತ್ತೊತ್ತಾಗಿ ಸೇರುವುದೂ ಅಲ್ಲಿಯೇ. ಆ ಹುಲ್ಲು ಕುರಿಗೆ ಒಳ್ಳೆಯದಲ್ಲವೆಂದು ಬಲ್ಲ ಕುರಿಗಾಹಿಗಳನ್ನು ನಾನು ಕಂಡಿದ್ದೇನೆ. ಬೇರೆ ಹುಲ್ಲೇ ಇಲ್ಲದಾಗ ಆ ತಿಳಿವಳಿಕೆಯಿಂದೇನು ಪ್ರಯೋಜನ?

ಇದೀಗ ನೀರಿನ ಚಿತ್ರವೂ ಬದಲಾಗುತ್ತಿದೆ. ವಾಣಿವಿಲಾಸ ಸಾಗರ 2022ರಲ್ಲಿ 89 ವರ್ಷಗಳ ಬಳಿಕ ಕೋಡಿ ಬಿದ್ದಿತು. ಚಿತ್ರದುರ್ಗವೂ ಸೇರಿ ನಾಲ್ಕು ಜಿಲ್ಲೆಗಳ 367 ಕೆರೆಗಳಿಗೆ ನೀರು ತುಂಬಿಸುವುದು ಭದ್ರಾ ಮೇಲ್ದಂಡೆ ಯೋಜನೆಯ ಗುರಿ. ನೀರು ಬರಲೇಬೇಕು; ಈ ಜನ ಅದಕ್ಕಾಗಿ ಕಾದದ್ದು ಸಾಕು. ಆದರೆ ನೀರಿನ ಬೆನ್ನಿಗೇ ಬಸವನಹುಳುಗಳೂ ಬರುತ್ತವೆ. ಆಫ್ರಿಕಾದ ಸೆನೆಗಲ್ ನದಿಗೆ 1986ರಲ್ಲಿ ಡಯಾಮಾ ಅಣೆಕಟ್ಟು ಸಿದ್ಧವಾದ ಕೆಲವೇ ವರ್ಷಗಳಲ್ಲಿ, ನೀರಾವರಿ ಕಾಲುವೆಗಳಲ್ಲಿ ಬಸವನಹುಳುಗಳು ಹೆಚ್ಚಿ, ರಿಷಾರ್-ಟೋಲ್ ಪಟ್ಟಣದ ಮನುಷ್ಯರಲ್ಲೇ ಶಿಸ್ಟೊಸೋಮಾ ರೋಗ ವ್ಯಾಪಕವಾಯಿತು. ಅಲ್ಲಿನ ಜಂತುವಿನ ಪ್ರಭೇದ ಬೇರೆ, ಬಸವನಹುಳು ಬೇರೆ. ಎಚ್ಚರಿಕೆ ಮಾತ್ರ ಒಂದೇ.

ಇದಕ್ಕೆ ದೊಡ್ಡ ಹಣವೇನೂ ಬೇಡ. ಕಾಲುವೆಯ ನೀರು ತಲುಪುವ ಮುನ್ನ ಮತ್ತು ತಲುಪಿದ ನಂತರ ಪ್ರತಿ ಕೆರೆಯಲ್ಲೂ ಯಾವ ಬಸವನಹುಳುಗಳಿವೆಯೆಂಬ ಪಟ್ಟಿ ಸಿದ್ಧವಾಗಲಿ. ಪಶುಸಂಗೋಪನಾ ಇಲಾಖೆ ಮಾರ್ಗದರ್ಶನ ನೀಡಿದರೆ ಸ್ಥಳೀಯ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳೇ ಈ ಕೆಲಸ ಮಾಡಬಲ್ಲರು. ಬಸವನಹುಳುವಿನ ಹೆಸರು ಗೊತ್ತಾದರೆ ಜಂತಿನ ಔಷಧ ಯಾವ ಹಿಂಡಿಗೆ, ಯಾವ ತಿಂಗಳಲ್ಲಿ ಬೇಕೆಂಬುದನ್ನು ಮುಂಚಿತವಾಗಿಯೇ ಅಂದಾಜು ಮಾಡಬಹುದು. ಕುರಿ ಸತ್ತ ಮೇಲೆ ಯಕೃತ್ತು ಸೀಳಿ ನೋಡುವುದಕ್ಕಿಂತ, ಕೆರೆಯ ದಂಡೆಯಲ್ಲಿ ಕುಳಿತು ಚಿಪ್ಪಿಗೆ ಮುಚ್ಚಳವಿದೆಯೇ ಎಂದು ನೋಡುವುದು ಲೇಸಲ್ಲವೇ?