ಸ್ವರಯಂತ್ರವೂ ವಿದ್ಯುತ್ತಿನ ತಪ್ಪು ಜೋಡಣೆಯೂ

ಹಾರ್ಮೋನಿಯಮ್ಮಿನಲ್ಲಿ ತಿದಿಯ ಗಾಳಿಯು ಲೋಹದ ನಾಲಗೆಗಳನ್ನು ಮಿಡಿದು ಸ್ವರವನ್ನು ಹುಟ್ಟಿಸುತ್ತದೆ. ಸಿಂಥಸೈಜರ್ ಎಂಬ ಸ್ವರಯಂತ್ರದಲ್ಲಿ ಆ ಕೆಲಸ ವಿದ್ಯುತ್ತಿನದು. ಅದರಲ್ಲಿ ಒಂದು ಘಟಕ ಸ್ವರವನ್ನು ಹುಟ್ಟಿಸಿದರೆ, ಇನ್ನೊಂದು ಅದರ ನಾದಗುಣವನ್ನು ತಿದ್ದುತ್ತದೆ. ಮತ್ತೊಂದು ಅದನ್ನು ಏರಿಸಿ ಇಳಿಸುತ್ತದೆ. ಬಿಡಿ ಘಟಕಗಳನ್ನು ತಂತಿಗಳಿಂದ ಕೂಡಿಸುವ ಈ ಪದ್ಧತಿಯ ಯಂತ್ರವನ್ನು ಅಮೆರಿಕೆಯ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದರು. 1969ರಷ್ಟು ಹಿಂದೆಯೇ ಅಂಥದೊಂದು ಯಂತ್ರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತು. ಕರ್ನಾಟಕದಲ್ಲಿ, ಇಂಜಿನಿಯರರೂ ಕೊಳಲು ವಾದಕರೂ ಆದ ಜಿ. ರಾಜ್‌ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ನಿರ್ಮಿಸಿದರು. ಸಂಗೀತ ಪಾಠಗಳಲ್ಲಿಯೂ ಭಜನೆಗಳಲ್ಲಿಯೂ ನಾವು ಕೇಳುವ ಆ ಪೆಟ್ಟಿಗೆ ಇದೇ ಕುಲಕ್ಕೆ ಸೇರಿದ್ದು.

ಇಂಥ ಘಟಕಗಳನ್ನು ಮನೆಯಲ್ಲಿಯೇ ಬೆಸುಗೆ ಹಾಕಿ ಕಟ್ಟಬಹುದು. ಆದರೆ ತಿಂಗಳ ಶ್ರಮವೆಲ್ಲ ಒಂದು ಕ್ಷಣದಲ್ಲಿ ಹಾಳಾಗುವುದು ವಿದ್ಯುತ್ತನ್ನು ಹಿಂದುಮುಂದಾಗಿ ಕೊಟ್ಟಾಗ. ಬೆಂಗಳೂರಿನ ಎಸ್.ಪಿ. ರಸ್ತೆಯ ಬಳಿ ಇರುವವರು ಸುಟ್ಟುಹೋದ ಐ.ಸಿ.ಯ ಬದಲು ಬೇರೊಂದನ್ನು ಅದೇ ಸಂಜೆ ತಂದಾರು. ಕುಷ್ಟಗಿಯಲ್ಲಿಯೋ ಯಲಬುರ್ಗಾದಲ್ಲಿಯೋ ಕುಳಿತ ವಿದ್ಯಾರ್ಥಿ ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೆ ಅಂಚೆಯ ದಾರಿ ಕಾಯಬೇಕು. ಕಾಯುತ್ತ ಕುಳಿತವರ ಉತ್ಸಾಹ ಅಲ್ಲಿಗೇ ನಿಂತುಹೋಗುವುದೂ ಉಂಟು. ಕೊಪ್ಪಳ, ಗಂಗಾವತಿಗಳ ಮನೆಮನೆಗಳಲ್ಲಿ ಇಂಥ ಹವ್ಯಾಸಕ್ಕೆ ಕೈಹಾಕುವ ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದ ಮಾತು ಇದು: ಜಾಗರೂಕತೆಯೊಂದನ್ನೇ ನಂಬಬಾರದು, ತಪ್ಪಿದರೂ ಕೆಡದಂತೆ ಕಟ್ಟಬೇಕು.

ತಪ್ಪು ಹೇಗೆ ನಡೆಯುತ್ತದೆ? ಈ ಘಟಕಗಳಿಗೆ ಸಾಮಾನ್ಯವಾಗಿ ಮೂರು ತಂತಿ ಬೇಕು: ಧನ 12 ವೋಲ್ಟು, ಋಣ 12 ವೋಲ್ಟು, ಇವೆರಡರ ನಡುವಿನ ಗ್ರೌಂಡು. ಜರ್ಮನಿಯ ಡೀಟರ್ ಡೋಪ್‌ಫರ್ ಅವರಿಂದ 1990ರ ದಶಕದ ನಡುವಿನಲ್ಲಿ ಬಳಕೆಗೆ ಬಂದ ಪದ್ಧತಿಯಲ್ಲಿ ಹತ್ತು ಸೂಜಿಗಳ ಎರಡು ಸಾಲಿನ ಜೋಡಣೆ ಇದೆ. ಪಟ್ಟಿತಂತಿಯ ಕೆಂಪು ಅಂಚು ಋಣದ ಕಡೆಗೆ ಇರಬೇಕೆಂಬುದು ವಾಡಿಕೆ. ಕೆಂಪೆಂದರೆ ಧನವೆಂದು ಬ್ಯಾಟರಿಯ ಬಳಕೆಯಿಂದ ಕಲಿತವರು ಇಲ್ಲಿಯೇ ಮೋಸಹೋಗುತ್ತಾರೆ. ಪಟ್ಟಿಯನ್ನು ತಿರುಗಿಸಿ ಸಿಕ್ಕಿಸಿದರೆ ಧನದ ಜಾಗಕ್ಕೆ ಋಣವೂ ಋಣದ ಜಾಗಕ್ಕೆ ಧನವೂ ಬರುತ್ತವೆ. ಆಗ ಐ.ಸಿ.ಯೊಳಗೆ ಹರಿಯಬಾರದ ದಾರಿಯಲ್ಲಿ ಭಾರಿ ಪ್ರವಾಹ ಹರಿದು ಅದು ಕಾದು ಕೆಡುತ್ತದೆ. ಎಲೆಕ್ಟ್ರೊಲಿಟಿಕ್ ಕಂಡೆನ್ಸರು ಉಬ್ಬಿಕೊಂಡು ಒಡೆಯಲೂಬಹುದು.

ಮೊದಲನೆಯ ರಕ್ಷಣೆ ಆಕಾರದ್ದು. ಕೆಲವು ರೇಡಿಯೋಗಳಲ್ಲಿ ಸೆಲ್ಲನ್ನು ತಿರುವುಮುರುವಾಗಿ ಹಾಕಿದರೆ ಅದರ ಚಪ್ಪಟೆ ಬದಿ ಲೋಹಕ್ಕೆ ತಾಗುವುದೇ ಇಲ್ಲ. ರೇಡಿಯೋ ಹಾಡದೆ ಸುಮ್ಮನಿರುತ್ತದೆ, ಕೆಡುವುದಿಲ್ಲ. ಹಾಗೆಯೇ ಸುತ್ತ ಗೋಡೆಯೂ ಒಂದು ಕಡೆ ಕಿಂಡಿಯೂ ಇರುವ ಜೋಡಣೆಯನ್ನು ಕೊಂಡರೆ ಪಟ್ಟಿ ಒಂದೇ ರೀತಿಯಲ್ಲಿ ಒಳಹೋಗುತ್ತದೆ. ಆದರೆ ಪಟ್ಟಿಯ ಇನ್ನೊಂದು ತುದಿಯನ್ನೇ ತಪ್ಪಾಗಿ ಒತ್ತಿ ಕೂಡಿಸಿದ್ದರೆ ಗೋಡೆಯೂ ಕಾಯಲಾರದು. ಆದಕಾರಣ ಎರಡನೆಯ ರಕ್ಷಣೆ ಘಟಕದೊಳಗೇ ಇರಬೇಕು.

ಅದಕ್ಕೆ ಸುಲಭವಾದ ಉಪಾಯ ಡಯೋಡು. ಇದು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಗಡಿಯಾರದ ಹಲ್ಲುಚಕ್ರ ಹಿಂದಕ್ಕೆ ಸರಿಯದಂತೆ ತಡೆಯುವ ಕೊಕ್ಕೆಯಂತೆ. ಧನದ ತಂತಿಯಲ್ಲಿ ಡಯೋಡಿನ ಪಟ್ಟೆ ಇರುವ ಬದಿ ಘಟಕದ ಕಡೆಗೂ, ಋಣದ ತಂತಿಯಲ್ಲಿ ಪಟ್ಟೆ ವಿದ್ಯುತ್ ಮೂಲದ ಕಡೆಗೂ ಇರಬೇಕು. ತಪ್ಪಾಗಿ ಸಿಕ್ಕಿಸಿದರೆ ಘಟಕ ಮೌನವಾಗಿರುತ್ತದೆ, ಅಷ್ಟೆ. ಇದಕ್ಕೊಂದು ಸುಂಕ ತೆರಬೇಕು: ಸಾಮಾನ್ಯ ಸಿಲಿಕಾನ್ ಡಯೋಡು ಸುಮಾರು 0.7 ವೋಲ್ಟನ್ನು ನುಂಗುತ್ತದೆ. ಷಾಟ್ಕಿ ಎಂಬ ಜಾತಿಯದು ಸುಮಾರು 0.3 ವೋಲ್ಟನ್ನು.

ಈ ನಷ್ಟ ಪ್ರವಾಹದ ಹೆಚ್ಚುಕಡಿಮೆಗೆ ತಕ್ಕಂತೆ ಬದಲಾಗುತ್ತದೆ ಎಂಬುದು ಸಂಗೀತದವರಿಗೆ ಮುಖ್ಯ. ಸ್ವರದ ಎತ್ತರವನ್ನು ಸಾಮಾನ್ಯವಾಗಿ ಒಂದು ಸ್ಥಾಯಿಗೆ ಒಂದು ವೋಲ್ಟಿನ ಲೆಕ್ಕದಲ್ಲಿ ಅಳೆಯುತ್ತಾರೆ. ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನ. ಆದ್ದರಿಂದ ಒಂದು ಸ್ವರಸ್ಥಾನಕ್ಕೆ 0.083 ವೋಲ್ಟು. ಸ್ವರದ ಅಳತೆಯನ್ನು ನೇರವಾಗಿ ಈ ತಂತಿಗಳಿಂದಲೇ ತೆಗೆದುಕೊಂಡರೆ, ಪಕ್ಕದ ದೀಪ ಹೊತ್ತಿದೊಡನೆ ಷಡ್ಜ ಅಲುಗಾಡೀತು. ಅಳತೆಗೆಂದು ಸ್ಥಿರವಾದ ಪ್ರತ್ಯೇಕ ವೋಲ್ಟನ್ನು ಒದಗಿಸುವುದೇ ಇದಕ್ಕೆ ಮದ್ದು.

ಇನ್ನೊಂದು ಪದ್ಧತಿಯಲ್ಲಿ ಡಯೋಡನ್ನು ತಂತಿಯ ದಾರಿಯಲ್ಲಿಡದೆ, ತಂತಿಗೂ ಗ್ರೌಂಡಿಗೂ ನಡುವೆ ತಿರುಗಿಸಿ ಹಾಕುತ್ತಾರೆ. ಮುಂದುಗಡೆ ಒಂದು ಫ್ಯೂಸನ್ನು ಇಡುತ್ತಾರೆ. ತಪ್ಪಾದಾಗ ಡಯೋಡು ಪ್ರವಾಹವನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತದೆ, ಫ್ಯೂಸು ಹೋಗುತ್ತದೆ, ಐ.ಸಿ. ಉಳಿಯುತ್ತದೆ. ಫ್ಯೂಸಿನ ಬದಲು ಕೆಲವರು 10 ಓಮಿನ ಸಣ್ಣ ರೆಸಿಸ್ಟರನ್ನು ಹಾಕುವುದುಂಟು. ಲೆಕ್ಕ ಮಾಡಿ ನೋಡಿ: ಡಯೋಡಿನದು ಕಳೆದು ಉಳಿದ 11.3 ವೋಲ್ಟಿಗೆ ಅದರಲ್ಲಿ 1.13 ಆಂಪಿಯರು ಹರಿಯುತ್ತದೆ. ಎಂದರೆ ಸುಮಾರು 12.8 ವಾಟಿನ ಶಾಖ. ಕಾಲು ವಾಟಿನ ರೆಸಿಸ್ಟರು ಅದನ್ನು ತಡೆಯದೆ ಹೊಗೆಯಾಡೀತು. ಬಿಸಿಯಾದಾಗ ಪ್ರವಾಹವನ್ನು ತಾನೇ ತಗ್ಗಿಸಿ, ತಣಿದ ಮೇಲೆ ಮತ್ತೆ ಸರಿಹೋಗುವ ಫ್ಯೂಸುಗಳೂ ದೊರೆಯುತ್ತವೆ. ಮನೆಗೆ ಅವೇ ಮೇಲು.

ವೋಲ್ಟಿನ ನಷ್ಟವೂ ಬೇಡ, ಹೊಗೆಯೂ ಬೇಡ ಎನ್ನುವವರಿಗೆ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿದೆ. ಸರಿಯಾದ ದಿಕ್ಕಿಗೆ ಬಾಗಿಲು ತೆರೆದು, ತಪ್ಪಾದರೆ ಮುಚ್ಚಿಕೊಳ್ಳುವಂತೆ ಅದನ್ನು ಜೋಡಿಸಬಹುದು. ಧನದ ತಂತಿಗೆ ಪಿ ಜಾತಿಯದು, ಋಣದ ತಂತಿಗೆ ಎನ್ ಜಾತಿಯದು. ತೆರೆದಾಗಿನ ತಡೆ 0.1 ಓಮ್ ಇದ್ದರೆ, 50 ಮಿಲಿ ಆಂಪಿಯರಿಗೆ ಆಗುವ ನಷ್ಟ 5 ಮಿಲಿವೋಲ್ಟು ಮಾತ್ರ.

ಅಡಾಪ್ಟರಿನ ವಿಷಯದಲ್ಲಿಯೂ ಎಚ್ಚರ ಬೇಕು. ಒಂದೇ ಗಾತ್ರದ ದುಂಡು ಪಿನ್ನಿನಲ್ಲಿ ಕೆಲವಕ್ಕೆ ನಡುವೆ ಧನ, ಕೆಲವಕ್ಕೆ ನಡುವೆ ಋಣ. ಸಿಕ್ಕಿತೆಂದ ಮಾತ್ರಕ್ಕೆ ಸರಿಯೆಂದಲ್ಲ. ಮೇಲಿನ ಚಿತ್ರವನ್ನು ಓದಬೇಕು.

ಕಟ್ಟಿ ಮುಗಿಸಿದ ಮೇಲೆ ಆತುರ ಬೇಡ. ಖಾಲಿ ಜೋಡಣೆಯಲ್ಲಿ ಯಾವ ಸೂಜಿಗೆ ಯಾವ ವೋಲ್ಟು ಬರುತ್ತಿದೆಯೆಂದು ಮೀಟರಿನಿಂದ ನೋಡಿರಿ. ಸ್ವಿಚ್ಚು ಆರಿಸಿಯೇ ಪಟ್ಟಿಯನ್ನು ಸಿಕ್ಕಿಸಿರಿ. ರೇಡಿಯೋ ರಿಪೇರಿಯವರು ಸೀರೀಸ್ ಬಲ್ಬು ಹಚ್ಚಿ ಪರೀಕ್ಷಿಸುವಂತೆ, ಧನ ಋಣ ಎರಡು ತಂತಿಗಳಲ್ಲಿಯೂ ಒಂದೊಂದು 12 ವೋಲ್ಟಿನ ಸಣ್ಣ ಬಲ್ಬನ್ನು ಕೂಡಿಸಿ ಮೊದಲ ಸಲ ಚಾಲೂ ಮಾಡಿರಿ. ಬಲ್ಬು ಪ್ರಖರವಾಗಿ ಉರಿದರೆ ಒಳಗೆ ತಪ್ಪಿದೆಯೆಂದರ್ಥ, ಕೂಡಲೆ ಆರಿಸಿರಿ. ಇನ್ನೂರಮೂವತ್ತು ವೋಲ್ಟಿನ ಕೆಲಸವನ್ನು ಮಾತ್ರ ಮಕ್ಕಳ ಕೈಗೆ ಬಿಡಬಾರದು. ಭದ್ರವಾಗಿ ಮುಚ್ಚಿದ ಸಿದ್ಧ ಅಡಾಪ್ಟರನ್ನೇ ಕೊಡಿಸಿರಿ. ಘಟಕ ಸುಟ್ಟರೆ ಇನ್ನೊಂದನ್ನು ಕಟ್ಟಬಹುದು, ಜೀವಕ್ಕೆ ಬದಲಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನಮ್ಮಲ್ಲಿದೆ. ಕೆಲವೇ ರೂಪಾಯಿಗಳ ಡಯೋಡು ಆ ಬುದ್ಧಿಯನ್ನು ಕೆಡುವ ಮೊದಲೇ ಕೊಡುತ್ತದೆ. ಅದನ್ನು ಘಟಕದ ನಕ್ಷೆಯಲ್ಲಿ ಮೊಟ್ಟಮೊದಲು ಬರೆದುಕೊಂಡು, ಸ್ವರದ ಭಾಗವನ್ನು ಅದರ ನಂತರ ಬರೆಯುವುದು ಒಳ್ಳೆಯ ಅಭ್ಯಾಸ.