ಹೆಸರು ತಪ್ಪಿದರೆ ಹುಳುವೂ ತಪ್ಪುತ್ತೆ

ಅಕ್ಕಿ ಡಬ್ಬಿ ತೆಗೆದಾಗ ಉದ್ದ ಮೂತಿಯ ಪುಟ್ಟ ಹುಳು ಕಂಡು ನಾವೆಲ್ಲ ಮುಖ ಸಿಂಡರಿಸಿದವರೇ. ಇವತ್ತಿನ ಕಂತಿನ ನಾಯಕ ಅದರ ದೂರದ ಸಂಬಂಧಿ: ನೀರಿನ ಮೇಲೆ ಬದುಕುವ, ಬರೀ 2 ಮಿಲಿಮೀಟರ್ ಉದ್ದದ ಮೂತಿ ಹುಳು. ಹೆಸರು ಸಿರ್ಟೋಬೇಗಸ್ ಸಾಲ್ವಿನಿಯೇ.

ಇದರ ಊಟ ಒಂದೇ, ಸಾಲ್ವಿನಿಯಾ ಎಂಬ ತೇಲುವ ಜರೀಗಿಡ. ಕೇರಳದವರು ಆಫ್ರಿಕನ್ ಪಾಯಲ್ ಅಂತಾರಲ್ಲ, ಅದೇ. ಇದಕ್ಕೆ ಬೀಜ ಬೇಕಿಲ್ಲ. ತುಂಡಾದರೆ ಪ್ರತಿ ತುಂಡೂ ಹೊಸ ಗಿಡ. ಅನುಕೂಲ ಸಿಕ್ಕರೆ ಕೆಲವೇ ದಿನಗಳಲ್ಲಿ ದುಪ್ಪಟ್ಟಾಗಿ, ನೀರಿನ ಮೇಲೆ ದಪ್ಪ ಚಾಪೆ ಹಾಸಿಬಿಡುತ್ತೆ. ಪಪುವಾ ನ್ಯೂಗಿನಿಯ ಸೆಪಿಕ್ ನದೀಬಯಲಿನಲ್ಲಿ ಸುಮಾರು 250 ಚದರ ಕಿಲೋಮೀಟರ್ ನೀರನ್ನು ಇದು ಮುಚ್ಚಿತ್ತು. ಅಲ್ಲಿ ದೋಣಿಯೇ ರಸ್ತೆ, ಮೀನೇ ಊಟ. ಎರಡೂ ನಿಂತಾಗ ಜನ ಹಳ್ಳಿಗಳನ್ನೇ ಬಿಟ್ಟು ಹೊರಟರು.

ಇದಕ್ಕೆ ಮದ್ದು ಹುಡುಕಿರಲಿಲ್ಲವೇ? ಹುಡುಕಿದ್ದರು, ಆದರೆ ತಪ್ಪು ವಿಳಾಸದಲ್ಲಿ. ಈ ಕಳೆಯನ್ನು ಸಾಲ್ವಿನಿಯಾ ಆರಿಕ್ಯುಲೇಟಾ ಎಂದೇ ನಂಬಿ, ಆ ಗಿಡವನ್ನು ತಿನ್ನುವ ಮೂತಿ ಹುಳುವನ್ನು ಟ್ರಿನಿಡಾಡ್‌ನಿಂದ ತಂದು ಬಿಟ್ಟರು. ಕಳೆ ಜಗ್ಗಲಿಲ್ಲ. 1972ರಲ್ಲಿ ಡೇವಿಡ್ ಮಿಚೆಲ್ ಇದು ಬೇರೆಯೇ ಪ್ರಭೇದವೆಂದು ಗುರುತಿಸಿ, ಸಾಲ್ವಿನಿಯಾ ಮೊಲೆಸ್ಟಾ ಎಂದು ಹೆಸರಿಟ್ಟರು. 1978ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ವಿಜ್ಞಾನಿಗಳಿಗೆ ಅದರ ತವರು ಸಿಕ್ಕಿತು: ಆಗ್ನೇಯ ಬ್ರೆಜಿಲ್. ಅದನ್ನು ತಿನ್ನುವ ಹುಳುವೂ ಅಲ್ಲೇ ಸಿಕ್ಕಿತು.

1980ರಲ್ಲಿ ಆ ಹುಳುಗಳನ್ನು ಕ್ವೀನ್ಸ್‌ಲ್ಯಾಂಡ್‌ನ ಮೂಂಡಾರಾ ಜಲಾಶಯಕ್ಕೆ ಬಿಟ್ಟರು. ಸುಮಾರು 14 ತಿಂಗಳಲ್ಲಿ ಅಲ್ಲಿನ 200 ಹೆಕ್ಟೇರ್ ಕಳೆ ಬಹುಪಾಲು ಮಾಯ! ಹಳೆಯ ಹುಳುವೇ ಇಲ್ಲಿ ಹೇಗೆ ಗೆದ್ದಿತು ಅಂತ ನೋಡಿದರೆ, ಹುಳುವೂ ಬೇರೆಯದೇ. ಟ್ರಿನಿಡಾಡ್‌ನದು ಹೆಚ್ಚಾಗಿ ಎಲೆ ತಿನ್ನುತ್ತೆ. ಇದು ಕುಡಿಯನ್ನೇ ಕಚ್ಚುತ್ತೆ, ಮರಿಗಳು ಕಾಂಡದೊಳಗೆ ಸುರಂಗ ಕೊರೆಯುತ್ತವೆ. 1985ರಲ್ಲಿ ಅದಕ್ಕೂ ಹೊಸ ಹೆಸರು ಬಂತು. ಸೆಪಿಕ್‌ನಲ್ಲಿ ದೋಣಿಗಳು ಮತ್ತೆ ಓಡಿದವು. ಅದೇ ವರ್ಷ ಆ ತಂಡಕ್ಕೆ ಯುನೆಸ್ಕೋ ವಿಜ್ಞಾನ ಪ್ರಶಸ್ತಿ.

ಈ ಕತೆಯಲ್ಲಿ ನಮ್ಮೂರೂ ಇದೆ. ಆಸ್ಟ್ರೇಲಿಯಾದಿಂದ ತರಿಸಿದ ಈ ಹುಳುವನ್ನು, ಬೇರೆ ಗಿಡಗಳಿಗೆ ಬಾಯಿ ಹಾಕುವುದಿಲ್ಲ ಎಂದು ಪರೀಕ್ಷಿಸಿ, 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಬಿಟ್ಟರು. 11 ತಿಂಗಳಲ್ಲಿ ಕಳೆ ಕುಸಿಯಿತು, ಉಸಿರುಗಟ್ಟಿದ್ದ ನೈದಿಲೆ ಮತ್ತೆ ಚಿಗುರಿತು. ಆಮೇಲೆ ಹುಳು ಕೇರಳದ ಕಾಲುವೆಗಳಿಗೂ ಇಳಿಯಿತು.

ಗಿಡ, ಹುಳುಗಳಿಗೆ ಹೆಸರಿಡುತ್ತಾ ಕೂರುವುದರಿಂದ ಏನು ಲಾಭ ಅಂತ ಯಾರಾದರೂ ಕೇಳಿದರೆ, ಸೆಪಿಕ್‌ನ ದೋಣಿಗಳ ಕತೆ ಹೇಳಿ. ಮುಂದಿನ ಕಂತಿನಲ್ಲಿ ಸಿಗೋಣ.