ಗಂಡಸರ ಸಂಕೋಚ ಮತ್ತು ಪ್ರೊಸ್ಟೇಟ್ ಕ್ಯಾನ್ಸರ್
ಸಂಘದ ಸದಸ್ಯರೇ, ನಮ್ಮ ಮನೆಯ ಗಂಡಸರು ಜ್ವರ ಬಂದರೆ ಹೇಳ್ತಾರೆ, ಮೂತ್ರದ ತೊಂದರೆ ಮಾತ್ರ ಮುಚ್ಚಿಡ್ತಾರೆ. ಹೇಳಿದರೆ ಗಂಡಸ್ತನಕ್ಕೆ ಕುಂದು ಅನ್ನೋ ಭಾವನೆ.

ಪ್ರೊಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗಿರುವ ಸಣ್ಣ ಗ್ರಂಥಿ. 50 ವರ್ಷ ದಾಟಿದ ಮೇಲೆ ಇದು ದಪ್ಪವಾಗುವುದು ಸಾಮಾನ್ಯ. ಅದೆಲ್ಲಾ ಕ್ಯಾನ್ಸರ್ ಅಲ್ಲ. ಆದರೂ ರಾತ್ರಿ ಪದೇ ಪದೇ ಏಳುವುದು, ಮೂತ್ರ ಕಟ್ಟುವುದು, ಮೂತ್ರದಲ್ಲಿ ರಕ್ತ, ವಾಸಿಯಾಗದ ಸೊಂಟನೋವು ಕಂಡರೆ ‘ವಯಸ್ಸಾಯ್ತು’ ಅಂತ ಬಿಡಬೇಡಿ. ವೈದ್ಯರು ಬೆರಳಿನಿಂದ ಪರೀಕ್ಷಿಸಿ, ಪಿ.ಎಸ್.ಎ. ರಕ್ತಪರೀಕ್ಷೆ ಮಾಡಿಸುತ್ತಾರೆ, ಸಂಶಯವಿದ್ದರೆ ಗ್ರಂಥಿಯ ಚೂರು ತೆಗೆದು ನೋಡುತ್ತಾರೆ. ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಚಿಕಿತ್ಸೆಯ ನಂತರ ಕೆಲವರಿಗೆ ಮೂತ್ರ ಸೋರಬಹುದು, ದಾಂಪತ್ಯಸುಖಕ್ಕೆ ತೊಡಕಾಗಬಹುದು. ಆಗ ಅವರು ಒಳಗೊಳಗೇ ಕುಗ್ಗುತ್ತಾರೆ. ಹಂಗಿಸಬೇಡಿ. ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ, ಇದನ್ನೂ ವೈದ್ಯರಲ್ಲಿ ಬಿಚ್ಚಿ ಹೇಳಿ. ಇದಕ್ಕೂ ಚಿಕಿತ್ಸೆ ಉಂಟು. ಇವತ್ತೇ ಮನೆಯಲ್ಲಿ ಕೇಳಿ ನೋಡಿ.